ಕೀಲು ಕೆಡುವ ಮುನ್ನವೇ ಪತ್ತೆ: ಸಂಶೋಧನೆಗೆ ಹಣ ಏಕೆ ಸಾಲುತ್ತಿಲ್ಲ?

ಪ್ರಶ್ನೆ: ಸಂಧಿವಾತವನ್ನು ಬೇಗ ಪತ್ತೆಹಚ್ಚಿದರೆ ಕೀಲುಗಳನ್ನು ಉಳಿಸಿಕೊಳ್ಳಬಹುದು ಎಂದು ವೈದ್ಯರು ಹೇಳುತ್ತಾರೆ. ಆದರೂ ಈ ಬಗೆಯ ಸಂಶೋಧನೆಗೆ ಹಣ ಸಾಲದು ಎಂಬ ದೂರು ಕೇಳಿಬರುತ್ತಲೇ ಇದೆ. ಇಷ್ಟೊಂದು ಜನರನ್ನು ಕಾಡುವ ಕಾಯಿಲೆಗೆ ಹಣ ಹೊಂದಿಸುವುದು ಏಕೆ ಕಷ್ಟ?

ಉತ್ತರ: ಒಂದು ಕಾಯಿಲೆ ಎಷ್ಟು ಜನರಿಗಿದೆ ಎಂಬುದಕ್ಕಿಂತ ಅದು ಎಷ್ಟು ಬೇಗ ಪ್ರಾಣ ತೆಗೆಯುತ್ತದೆ ಎಂಬುದರ ಕಡೆಗೇ ಹಣ ಕೊಡುವವರ ಗಮನ ಹೆಚ್ಚು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2019ರಲ್ಲಿ ಜಗತ್ತಿನ ಸುಮಾರು 52.8 ಕೋಟಿ ಜನರಿಗೆ ಕೀಲುಸವೆತ, ಅಂದರೆ ಆಸ್ಟಿಯೋಆರ್ಥ್ರೈಟಿಸ್ ಇತ್ತು. ದೇಹದ ರೋಗನಿರೋಧಕ ವ್ಯವಸ್ಥೆಯೇ ಕೀಲಿನ ಒಳಪೊರೆಯ ಮೇಲೆ ತಿರುಗಿಬೀಳುವ ರುಮಟಾಯ್ಡ್ ಆರ್ಥ್ರೈಟಿಸ್ ಸುಮಾರು 1.8 ಕೋಟಿ ಜನರಿಗಿತ್ತು. ಇವು ಮನುಷ್ಯನ ನಡಿಗೆಯನ್ನು, ದುಡಿಮೆಯನ್ನು, ನಿದ್ದೆಯನ್ನು ವರ್ಷಗಟ್ಟಲೆ ಸ್ವಲ್ಪಸ್ವಲ್ಪವಾಗಿ ಕಸಿದುಕೊಳ್ಳುವ ಕಾಯಿಲೆಗಳು. 'ವಯಸ್ಸಾದ ಮೇಲೆ ಇದ್ದದ್ದೇ' ಎಂಬ ಉದಾಸೀನ ಜನಸಾಮಾನ್ಯರಿಗಷ್ಟೇ ಸೀಮಿತವಲ್ಲ ಎಂಬುದು ನನ್ನ ಅನುಮಾನ.

ಆದರೆ ಇದಕ್ಕಿಂತ ದೊಡ್ಡ ತೊಡಕು ಕಾಲದ್ದು. ಸಂಶೋಧನಾ ಅನುದಾನಗಳು ಸಾಮಾನ್ಯವಾಗಿ ಮೂರರಿಂದ ಐದು ವರ್ಷಗಳಿಗೆ ಸಿಗುತ್ತವೆ. ಕಾಯಿಲೆ ಮಾತ್ರ ಅದಕ್ಕೂ ಹೆಚ್ಚು ಕಾಲ ಸದ್ದಿಲ್ಲದೆ ಬೆಳೆಯುತ್ತಿರಬಹುದು. ರಕ್ತದಾನ ಮಾಡುತ್ತಿದ್ದು ಮುಂದೆ ರುಮಟಾಯ್ಡ್ ಆರ್ಥ್ರೈಟಿಸ್‌ಗೆ ತುತ್ತಾದ 79 ಜನರ ಹಳೆಯ ಮಾದರಿಗಳನ್ನು ನೆದರ್ಲೆಂಡ್ಸ್‌ನ ಸಂಶೋಧಕರು ಹೊರತೆಗೆದು ಪರೀಕ್ಷಿಸಿ, 2004ರಲ್ಲಿ ಫಲಿತಾಂಶ ಪ್ರಕಟಿಸಿದರು. ಸುಮಾರು ಅರ್ಧದಷ್ಟು ಜನರ ರಕ್ತದಲ್ಲಿ ನೋವು ಶುರುವಾಗುವ ಮೊದಲೇ, ಹಲವರಲ್ಲಿ ನಾಲ್ಕೈದು ವರ್ಷಗಳಷ್ಟು ಮುಂಚೆಯೇ, ಕಾಯಿಲೆಗೆ ಸಂಬಂಧಿಸಿದ ಪ್ರತಿಕಾಯಗಳಿದ್ದವು. ಉತ್ತರ ಸ್ವೀಡನ್ನಿನ ಸಂಗ್ರಹವೊಂದರಿಂದಲೂ ಅದಕ್ಕೆ ಹಿಂದಿನ ವರ್ಷವೇ ಇಂಥದೇ ಫಲಿತಾಂಶ ಬಂದಿತ್ತು. ಇಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ: ಈ ರಕ್ತವನ್ನು ಯಾರೂ ಸಂಧಿವಾತಕ್ಕೆಂದು ಕೂಡಿಟ್ಟಿರಲಿಲ್ಲ. ಬೇರೆ ಉದ್ದೇಶಗಳಿಗೆ ಬಂದ ಹಣದಿಂದ ತುಂಬಿದ ಶೀತಪೆಟ್ಟಿಗೆಗಳು ಈ ಕಾಯಿಲೆಯ ಪೂರ್ವಚರಿತ್ರೆಯನ್ನು ತೆರೆದಿಟ್ಟವು. ಮೈನಸ್ 80 ಡಿಗ್ರಿಯಲ್ಲಿ ಸೀಸೆಗಳನ್ನು ಹತ್ತು ಹದಿನೈದು ವರ್ಷ ಕಾಯ್ದಿಡಲು ಬೇಕಾದ ವಿದ್ಯುತ್ತಿಗೆ, ಹೆಸರುಪಟ್ಟಿ ನೋಡಿಕೊಳ್ಳುವವರ ಸಂಬಳಕ್ಕೆ, ಭಾಗವಹಿಸಿದವರನ್ನು ವರ್ಷವರ್ಷವೂ ಮತ್ತೆ ಕರೆಸುವುದಕ್ಕೆ ಹಣ ಕೇಳಿದರೆ, ಅದರಲ್ಲಿ ಹೊಸತೇನಿದೆ ಎಂಬ ಪ್ರಶ್ನೆ ಎದುರಾಗುತ್ತದೆ. ಹೊಸ ಪರೀಕ್ಷಾ ಕಿಟ್ಟಿಗಿಂತ ಈ ನೀರಸ ಖರ್ಚಿಗೆ ಹಣ ಸಿಗುವುದು ಹೆಚ್ಚು ಅಗತ್ಯ ಎಂದು ನಾನು ಖಚಿತವಾಗಿ ನಂಬಿದ್ದೇನೆ.

ಕೀಲುಸವೆತದ ವಿಷಯದಲ್ಲಿ ಈ ಕೊರತೆಯನ್ನು ನೀಗಿಸುವ ಒಂದು ಒಳ್ಳೆಯ ಪ್ರಯತ್ನ ಅಮೆರಿಕದಲ್ಲಿ ನಡೆದಿದೆ. ಅಲ್ಲಿನ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳು ಔಷಧ ಕಂಪನಿಗಳ ಜೊತೆ ಸೇರಿ ಹಣ ಹಾಕಿ, 45ರಿಂದ 79 ವರ್ಷ ವಯಸ್ಸಿನ 4,796 ಜನರ ಮಂಡಿಗಳನ್ನು ಎಕ್ಸ್‌ರೇ ಮತ್ತು ಎಂಆರ್‌ಐ ಚಿತ್ರಗಳ ಮೂಲಕ ವರ್ಷಗಟ್ಟಲೆ ಹಿಂಬಾಲಿಸಿದವು. ಆ ಮಾಹಿತಿಯನ್ನು ಇತರ ದೇಶಗಳ ಸಂಶೋಧಕರಿಗೂ ತೆರೆದಿಟ್ಟವು. ಕೀಲಿನಲ್ಲಿ ಮೂಳೆಗಳ ತುದಿಯನ್ನು ಹೊದ್ದಿರುವ ಮೆತ್ತನೆಯ ಪದರ, ಅಂದರೆ ಮೃದ್ವಸ್ಥಿ, ಎಕ್ಸ್‌ರೇಯಲ್ಲಿ ಕಾಣುವುದಿಲ್ಲ, ಎರಡು ಮೂಳೆಗಳ ನಡುವಿನ ಅಂತರವಷ್ಟೇ ಕಾಣುತ್ತದೆ. ಆ ಅಂತರ ಕಿರಿದಾಗಿದೆ ಎಂದು ತಿಳಿಯುವ ಹೊತ್ತಿಗೆ ಸಾಕಷ್ಟು ಹಾನಿ ಆಗಿಹೋಗಿರುತ್ತದೆ. ಎಂಆರ್‌ಐ ಇದನ್ನು ಮೊದಲೇ ತೋರಿಸಬಲ್ಲದು, ಆದರೆ ದುಬಾರಿ. ಅಲ್ಲದೆ ಕೀಲುಸವೆತವನ್ನು ತಡೆದು ನಿಲ್ಲಿಸುತ್ತದೆಂದು ಮಾನ್ಯತೆ ಪಡೆದ ಔಷಧ ಇನ್ನೂ ಇಲ್ಲದಿರುವುದರಿಂದ, ಬೇಗ ಪತ್ತೆಹಚ್ಚಿ ಮಾಡುವುದೇನು ಎಂದು ಹೂಡಿಕೆದಾರರು ಹಿಂಜರಿಯುತ್ತಾರೆ. ಬೇಗ ಪತ್ತೆಯಾದ ರೋಗಿಗಳೇ ಸಿಗದಿದ್ದರೆ ಅಂಥ ಔಷಧವನ್ನು ಪರೀಕ್ಷಿಸುವುದಾದರೂ ಯಾರ ಮೇಲೆ?

ಪ್ರಶ್ನೆ: ನನ್ನ ತಾಯಿಗೆ ರುಮಟಾಯ್ಡ್ ಆರ್ಥ್ರೈಟಿಸ್ ಇದೆ. ನನಗೆ ಸದ್ಯ ಯಾವ ನೋವೂ ಇಲ್ಲ. ಪ್ರತಿಕಾಯದ ರಕ್ತಪರೀಕ್ಷೆಯನ್ನು ಈಗಲೇ ಮಾಡಿಸಿಕೊಳ್ಳಬೇಕೆ?

ಉತ್ತರ: ಲಕ್ಷಣಗಳಿಲ್ಲದಿದ್ದರೆ ಸಾಮಾನ್ಯವಾಗಿ ಅಗತ್ಯವಿಲ್ಲ. ಈ ಪರೀಕ್ಷೆಯಲ್ಲಿ ಹುಡುಕುವ ಆ್ಯಂಟಿ-ಸಿಸಿಪಿ ಎಂಬ ಪ್ರತಿಕಾಯ ಕಂಡುಬಂದವರೆಲ್ಲರಿಗೂ ಕಾಯಿಲೆ ಬರುವುದಿಲ್ಲ, ಬಂದವರೆಲ್ಲರಲ್ಲೂ ಅದು ಇರುವುದಿಲ್ಲ. ಪ್ರತಿಕಾಯವಿದ್ದವರಿಗೆ ಮುಂಚಿತವಾಗಿಯೇ ಔಷಧ ಕೊಟ್ಟು ನೋಡಿದ ಪ್ರಯೋಗಗಳ ಫಲ ಮಿಶ್ರವಾಗಿದೆ. ಹೈಡ್ರಾಕ್ಸಿಕ್ಲೋರೋಕ್ವಿನ್ ಪ್ರಯೋಗದಲ್ಲಿ ತಡೆಯುವ ಗುಣ ಕಾಣಲಿಲ್ಲ. 2024ರಲ್ಲಿ ಪ್ರಕಟವಾದ ಅಬಟಾಸೆಪ್ಟ್ ಪ್ರಯೋಗವೊಂದರಲ್ಲಿ, ಪ್ರತಿಕಾಯದ ಜೊತೆಗೆ ಕೀಲುನೋವೂ ಇದ್ದವರಿಗೆ ಒಂದು ವರ್ಷ ಔಷಧ ಕೊಡಲಾಯಿತು. ಎರಡು ವರ್ಷಗಳ ಕೊನೆಗೆ ಔಷಧ ಪಡೆದವರಲ್ಲಿ ಶೇ. 25ರಷ್ಟು, ಹುಸಿ ಔಷಧ ಪಡೆದವರಲ್ಲಿ ಶೇ. 37ರಷ್ಟು ಜನರಿಗೆ ಕಾಯಿಲೆ ಬಂದಿತ್ತು. ಔಷಧ ನಿಲ್ಲಿಸಿದ ಮೇಲೆ ಎರಡೂ ಗುಂಪುಗಳ ನಡುವಿನ ಅಂತರ ಕಡಿಮೆಯಾಯಿತು ಎಂಬುದನ್ನೂ ಮರೆಯುವಂತಿಲ್ಲ.

ನೀವು ಧೂಮಪಾನ ಮಾಡುತ್ತಿದ್ದರೆ ಬಿಡಿ. ಈ ಕಾಯಿಲೆಯ ಅಪಾಯವನ್ನು ಅದು ಹೆಚ್ಚಿಸುತ್ತದೆ. ಬೆಳಗ್ಗೆ ಎದ್ದಾಗ ಬೆರಳುಗಳು ಅರ್ಧ ಗಂಟೆಗೂ ಹೆಚ್ಚು ಹೊತ್ತು ಬಿಗಿದುಕೊಂಡು ಮುಷ್ಟಿ ಕಟ್ಟಲಾಗದಿದ್ದರೆ, ಬೆರಳಿನ ಬುಡದ ಗೆಣ್ಣುಗಳು ಊದಿಕೊಂಡರೆ, ಕೈಕುಲುಕುವಾಗ ಆ ಗೆಣ್ಣುಗಳನ್ನು ಅದುಮಿದಂತಾಗಿ ಜೋರಾಗಿ ನೋವಾದರೆ, ನೋವಿನ ಮಾತ್ರೆ ನುಂಗುತ್ತಾ ತಿಂಗಳುಗಳನ್ನು ಕಳೆಯದೆ ಸಂಧಿವಾತ ತಜ್ಞರನ್ನು ಕಾಣಿ. ಲಕ್ಷಣ ಶುರುವಾದ ಮೊದಲ ಕೆಲವು ತಿಂಗಳಲ್ಲೇ ಮೆಥೊಟ್ರೆಕ್ಸೇಟ್‌ನಂಥ ಔಷಧ ಆರಂಭಿಸಿದವರ ಕೀಲುಗಳು ಉಳಿಯುವ ಸಂಭವ ಹೆಚ್ಚು.

ಪ್ರಶ್ನೆ: ನಮ್ಮ ಗೆಳೆಯರ ಬಳಗ ಸಂಧಿವಾತ ಸಂಶೋಧನೆಗೆ ದೇಣಿಗೆ ಕೊಡಬೇಕೆಂದಿದೆ. ಏನನ್ನು ನೋಡಿ ಕೊಡಬೇಕು?

ಉತ್ತರ: ಯೋಜನೆಯ ಹಣ ಮುಗಿದ ಮೇಲೆ ಸಂಗ್ರಹಿಸಿದ ರಕ್ತ ಮತ್ತು ಮಾಹಿತಿಯ ಗತಿ ಏನು ಎಂದು ಮೊದಲು ಕೇಳಿ. ಅದಕ್ಕೆ ಸ್ಪಷ್ಟ ಉತ್ತರ ಕೊಡುವವರು ಕೆಲಸದ ಒಳಹೊರಗು ಬಲ್ಲವರು. ಪ್ರಯೋಗ ವಿಫಲವಾದರೂ ಫಲಿತಾಂಶವನ್ನು ಪ್ರಕಟಿಸುತ್ತಾರೆಯೇ ಎಂದೂ ವಿಚಾರಿಸಿ, ಏಕೆಂದರೆ ಉಪಯೋಗಕ್ಕೆ ಬಾರದ ದಾರಿ ಯಾವುದೆಂದು ತಿಳಿಯದೆ ಅದರಲ್ಲೇ ಮತ್ತೊಬ್ಬರು ಹಣ ಸುರಿಯುವ ಅಪಾಯವಿದೆ. ದೇಣಿಗೆ ಸಣ್ಣದಾದರೆ, ರೋಗಿ ಮೊದಲ ವೈದ್ಯರಿಂದ ತಜ್ಞರ ಬಳಿಗೆ ತಲುಪಲು ಹಿಡಿಯುವ ಕಾಲವನ್ನು ತಗ್ಗಿಸುವ ಅಧ್ಯಯನಗಳಿಗೆ ಕೊಡುವುದು ಲೇಸು. ಅವುಗಳಿಗೆ ದುಬಾರಿ ಯಂತ್ರಗಳು ಬೇಕಾಗುವುದಿಲ್ಲ, ಫಲವೂ ಬೇಗ ಕೈಗೆ ಸಿಗುತ್ತದೆ.