ನ್ಯಾಸ್‌ನಲ್ಲಿ (ನೆಟ್‌ವರ್ಕ್‌ಗೆ ಜೋಡಿಸಿ ಫೈಲ್ ಇಡುವ ಪೆಟ್ಟಿಗೆ) ಒಂದು ಹಾರ್ಡ್ ಡಿಸ್ಕ್ ಆಗಾಗ ಕಾಣೆಯಾಗುತ್ತದೆ, ರೀಸ್ಟಾರ್ಟ್ ಮಾಡಿದರೆ ಮತ್ತೆ ಬರುತ್ತದೆ. ಏಕೆ?

ಮೊದಲು ಬ್ಯಾಕಪ್ ತೆಗೆದುಕೊಳ್ಳಿ. ಎರಡು ಡಿಸ್ಕ್‌ಗಳಲ್ಲೂ ಒಂದೇ ಪ್ರತಿ ಇಡುವ ರೇಡ್ 1 ಇದ್ದರೂ ಅದು ಬ್ಯಾಕಪ್ ಅಲ್ಲ. ಅಲ್ಲಿಯವರೆಗೆ 'ಇನಿಶಿಯಲೈಸ್', 'ರಿಪೇರ್' ಬಟನ್ ಮುಟ್ಟಲೇಬೇಡಿ.

ಆಮೇಲೆ ಡಿಸ್ಕ್‌ನ ಸ್ಮಾರ್ಟ್ ವರದಿ (ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಡುವ ಲೆಕ್ಕ) ತೆರೆಯಿರಿ. ಐಡಿ 5, 197, 198 ಎಂದಿರುವ ಸಾಲುಗಳಲ್ಲಿ (ಕೆಟ್ಟ ಜಾಗಗಳ ಲೆಕ್ಕ) ರಾ ವ್ಯಾಲ್ಯೂ, ಅಂದರೆ ನೇರ ಎಣಿಕೆ, ಏರುತ್ತಿದ್ದರೆ ಡಿಸ್ಕ್ ಒಳಗೇ ಕೆಡುತ್ತಿದೆ, ಬದಲಿಸಿ. ಡೇಟಾ ಸಾಗಣೆಯ ತಪ್ಪುಗಳನ್ನು ಎಣಿಸುವ 199 ಮಾತ್ರ ಏರುತ್ತಿದ್ದರೆ ತೊಂದರೆ ಹೆಚ್ಚಾಗಿ ಕೇಬಲ್ ಅಥವಾ ಕನೆಕ್ಟರ್‌ನದು. ಈ ಸಂಖ್ಯೆ ಮತ್ತೆ ಇಳಿಯುವುದಿಲ್ಲ, ಹಾಗಾಗಿ ಹಳೆಯ ಎಣಿಕೆ ನೋಡಿ ಸುಮ್ನೆ ಗಾಬರಿಯಾಗಬೇಡಿ. ಈಗಲೂ ಏರುತ್ತಿದೆಯಾ ಎನ್ನುವುದೇ ಮುಖ್ಯ.

ವರದಿಯಲ್ಲಿ ಏನೂ ಕಾಣದಿದ್ದರೆ ಪವರ್ ಅಡಾಪ್ಟರ್ ಮೇಲೆ ನನಗೆ ಅನುಮಾನ ಜಾಸ್ತಿ. 3.5 ಇಂಚಿನ ಡಿಸ್ಕ್ ತಿರುಗಲು ಶುರುವಾಗುವಾಗ 12 ವೋಲ್ಟ್‌ನಲ್ಲಿ ಸುಮಾರು 2 ಆಂಪಿಯರ್ ಎಳೆಯುತ್ತದೆ. ತಿರುಗಿದ ಮೇಲೆ ಅಷ್ಟು ಬೇಕಿಲ್ಲ. ಹಳೆಯ ಅಡಾಪ್ಟರ್ ಆ ಕ್ಷಣದಲ್ಲಿ ಸೋಲುತ್ತದೆ, ವೋಲ್ಟೇಜ್ ಕುಸಿದು ಡಿಸ್ಕ್ ಕಳಚಿಕೊಳ್ಳುತ್ತದೆ. ನಿಮ್ಮದು ನಿದ್ದೆಯಿಂದ ಏಳುವಾಗಲೇ ಮಾಯವಾಗುತ್ತಿದೆಯಾ? ಹೈಬರ್ನೇಷನ್ (ಬಳಕೆ ಇಲ್ಲದಾಗ ಡಿಸ್ಕ್ ತಿರುಗುವುದನ್ನು ನಿಲ್ಲಿಸುವ ಸೆಟ್ಟಿಂಗ್) ಆಫ್ ಮಾಡಿ ಒಂದು ವಾರ ನೋಡಿ. ತೊಂದರೆ ನಿಂತರೆ ಅಡಾಪ್ಟರ್ ಬದಲಿಸಿ. ವೋಲ್ಟೇಜ್ ಮತ್ತು ಪಿನ್‌ನ ಪ್ಲಸ್-ಮೈನಸ್ ಹಳೆಯದರಂತೆಯೇ ಇರಬೇಕು, ಆಂಪಿಯರ್ ಅಷ್ಟೇ ಅಥವಾ ಜಾಸ್ತಿ ಇರಲಿ.

ಡಿಸ್ಕ್ ಸಾಮಾನ್ಯ ಡೆಸ್ಕ್‌ಟಾಪ್ ಮಾದರಿಯದ್ದಾ ಅಂತಲೂ ನೋಡಿ. ನ್ಯಾಸ್‌ಗೆಂದೇ ಮಾಡಿದ ಡಿಸ್ಕ್‌ಗಳು ಕೆಟ್ಟ ಜಾಗ ಓದಲಾಗದಿದ್ದರೆ ಸಾಮಾನ್ಯವಾಗಿ 7 ಸೆಕೆಂಡ್‌ಗಳಲ್ಲಿ ಕೈಬಿಟ್ಟು 'ಆಗಲಿಲ್ಲ' ಎಂದು ಉತ್ತರಿಸುತ್ತವೆ. ಡೆಸ್ಕ್‌ಟಾಪ್ ಡಿಸ್ಕ್ ಅದಕ್ಕಿಂತ ಎಷ್ಟೋ ಹೊತ್ತು ಹಟ ಹಿಡಿದು ಪ್ರಯತ್ನಿಸುತ್ತದೆ. ಉತ್ತರ ಬಾರದ ಡಿಸ್ಕ್ ಸತ್ತಿದೆ ಎಂದು ತಿಳಿದು ರೇಡ್ ಅದನ್ನು ಹೊರಗಿಡುತ್ತದೆ.