ರಜಾ ಚೀಟಿಯಲ್ಲಿದ್ದ ‘ವಿಷಯ’ ಇಮೇಲಿನಲ್ಲಿ ಏಕೆ ಕಾಣೆಯಾಯಿತು?

ಪ್ರಶ್ನೆ: ಮಾನ್ಯರೇ, ನಾನು ಹಾವೇರಿ ಜಿಲ್ಲೆಯ ಬ್ಯಾಡಗಿ ತಾಲ್ಲೂಕಿನವಳು. ಸರ್ಕಾರಿ ಪ್ರಥಮ ದರ್ಜೆ ಕಾಲೇಜೊಂದರಲ್ಲಿ ಬಿ.ಕಾಂ. ಕೊನೆಯ ಸೆಮಿಸ್ಟರಿನಲ್ಲಿ ಓದುತ್ತಿದ್ದೇನೆ. ಎಸ್ಸೆಸ್ಸೆಲ್ಸಿಯವರೆಗೆ ಕಲಿತದ್ದು ಕನ್ನಡ ಮಾಧ್ಯಮದಲ್ಲಿ. ಈ ವರ್ಷ ನಮ್ಮ ಪ್ಲೇಸ್‌ಮೆಂಟ್ ಸೆಲ್‌ನವರು ಹತ್ತು ದಿನಗಳ ತರಬೇತಿ ಏರ್ಪಡಿಸಿ ರೆಸ್ಯೂಮೆ, ಇಮೇಲ್, ಗುಂಪು ಚರ್ಚೆ, ಮಾಕ್ ಇಂಟರ್‌ವ್ಯೂ ಎಲ್ಲವನ್ನೂ ಹೇಳಿಕೊಟ್ಟರು. ಅದು ಮುಗಿದು ಎರಡು ತಿಂಗಳಾದರೂ ಮನಸ್ಸಿನಲ್ಲಿ ಕೆಲವು ಗೊಂದಲಗಳು ಉಳಿದಿರುವುದರಿಂದ ಈ ಪತ್ರ ಬರೆಯುತ್ತಿದ್ದೇನೆ.

ತರಬೇತಿಗೆ ಮೊದಲೇ ನಾನು ಹುಬ್ಬಳ್ಳಿಯ ಒಂದು ಸಂಸ್ಥೆಗೆ ಮೊಬೈಲಿನಿಂದಲೇ ಅರ್ಜಿ ಕಳುಹಿಸಿದ್ದೆ. ಇಮೇಲಿನ ವಿಷಯದ ಸಾಲು ಖಾಲಿ, ಒಳಗೂ ಒಂದಕ್ಷರವಿಲ್ಲ. ಜೊತೆಗೆ ಅಂಕಪಟ್ಟಿಯ ಮೂರು ಫೋಟೋಗಳು ಮತ್ತು ‘ನ್ಯೂ ಡಾಕ್ಯುಮೆಂಟ್ 3’ ಎಂಬ ಹೆಸರಿನ ಒಂದು ಫೈಲು. ಉತ್ತರ ಬರಲಿಲ್ಲ. ತರಬೇತಿಯ ಎರಡನೆಯ ದಿನ ಅಂಥದ್ದೇ ಒಂದು ಇಮೇಲನ್ನು ಪರದೆಯ ಮೇಲೆ ತೋರಿಸಿದಾಗ ಇಡೀ ತರಗತಿ ನಕ್ಕಿತು. ಎಲ್ಲರ ಜೊತೆ ನಕ್ಕ ಮೇಲೆ ನನ್ನದೂ ಹಾಗೆಯೇ ಇತ್ತೆಂಬುದು ನೆನಪಾಯಿತು.

ರೆಸ್ಯೂಮೆಗೆಂದು ಎಲ್ಲರಿಗೂ ಒಂದೇ ಮಾದರಿ ಕೊಟ್ಟರು. ‘ಹಾರ್ಡ್ ವರ್ಕಿಂಗ್, ಕ್ವಿಕ್ ಲರ್ನರ್, ಟೀಮ್ ಪ್ಲೇಯರ್’ ಎಂದು ಎಲ್ಲರೂ ಬರೆದೆವು. ನನ್ನದಕ್ಕೂ ಪಕ್ಕದ ಗೆಳತಿಯದಕ್ಕೂ ಇದ್ದ ವ್ಯತ್ಯಾಸವೆಂದರೆ ನಮ್ಮ ಹೆಸರು, ನಮ್ಮ ತಂದೆಯವರ ಹೆಸರು ಮತ್ತು ಅಂಕಗಳು, ಅಷ್ಟೇ. ನಂತರ ನಡೆದ ಒಂದು ನಿಜವಾದ ಸಂದರ್ಶನದಲ್ಲಿ, ಬಾಯಿಪಾಠ ಮಾಡಿದ್ದನ್ನು ಒಪ್ಪಿಸಿದ ಮೇಲೆ, ‘ನೀವು ನಾಲ್ಕು ಜನರೊಡನೆ ಸೇರಿ ಕೆಲಸ ಮಾಡಿದ ಒಂದು ಸಂದರ್ಭ ಹೇಳಿ’ ಎಂದು ಕೇಳಿದರು. ನನಗೆ ಮಾತೇ ಹೊರಡಲಿಲ್ಲ.

ಪಿಯುಸಿಯಿಂದಲೂ ರಜೆಯಲ್ಲಿ ಮತ್ತು ಮಾರುಕಟ್ಟೆಯ ದಿನಗಳಲ್ಲಿ ನಮ್ಮ ಸೋದರಮಾವನ ಮೆಣಸಿನಕಾಯಿ ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಹಂಗಾಮಿನಲ್ಲಿ ದಿನಕ್ಕೆ ನಲವತ್ತು ಲಾಟುಗಳಾದರೂ ಇರುತ್ತವೆ. ಒಮ್ಮೆ ಒಬ್ಬ ರೈತರ ಎರಡು ಚೀಲಗಳ ತೂಕ ಇನ್ನೊಬ್ಬರ ಲಾಟಿಗೆ ಸೇರಿಹೋಗಿ ದೊಡ್ಡ ಜಗಳವಾಗಿತ್ತು. ತೂಕದ ಚೀಟಿಗಳನ್ನೆಲ್ಲ ಹರವಿಕೊಂಡು ಕುಳಿತು ನಾನೇ ತಪ್ಪನ್ನು ಹುಡುಕಿದ್ದೆ. ಆದರೆ ಮನೆಯ ಅಂಗಡಿಯ ಕೆಲಸ ‘ಅನುಭವ’ ಆಗುವುದಿಲ್ಲವೆಂದುಕೊಂಡು ಅದನ್ನು ಎಲ್ಲೂ ಬರೆದಿಲ್ಲ, ಹೇಳಿಯೂ ಇಲ್ಲ. ಜೊತೆಗೆ, ತನ್ನನ್ನು ತಾನು ಹೊಗಳಿಕೊಳ್ಳಬಾರದೆಂದು ಚಿಕ್ಕಂದಿನಿಂದ ಹೇಳಿಸಿಕೊಂಡು ಬೆಳೆದವಳಿಗೆ ಈ ರೆಸ್ಯೂಮೆ ಎಂಬುದೇ ಸಂಕೋಚದ ವಸ್ತುವಾಗಿದೆ. ಇದನ್ನು ಹೇಗೆ ನೋಡಬೇಕು? ಇಂಗ್ಲಿಷ್ ಚೆನ್ನಾಗಿ ಬಾರದಿದ್ದರೆ ಇವೆಲ್ಲ ಕಲಿತೂ ಪ್ರಯೋಜನವಿಲ್ಲವೇ?
— ಹೆಸರು ಬೇಡವೆಂದಿರುವ ಓದುಗರು, ಬ್ಯಾಡಗಿ ತಾಲ್ಲೂಕು

ಉತ್ತರ: ತಂಗಿ, ನಿಮ್ಮ ಪತ್ರದ ಮೂಲಪ್ರತಿ ನನ್ನ ಮುಂದಿದೆ. ಬಲಗಡೆ ಸ್ಥಳ ಮತ್ತು ದಿನಾಂಕ, ಎಡಗಡೆ ‘ಇವರಿಗೆ’, ಅದರ ಕೆಳಗೆ ಅಡಿಗೆರೆ ಎಳೆದು ‘ವಿಷಯ: ಉದ್ಯೋಗ ಹುಡುಕಾಟದ ಕುರಿತು ಸಲಹೆ ಕೋರಿ’ ಎಂದು ಬರೆದಿದ್ದೀರಿ. ಇಷ್ಟು ಅಚ್ಚುಕಟ್ಟಾಗಿ ಪತ್ರ ಬರೆಯಬಲ್ಲವರು ವಿಷಯವಿಲ್ಲದ ಇಮೇಲ್ ಕಳುಹಿಸಿದ್ದು ಏಕೆ ಎಂಬುದೇ ನನಗೆ ನಿಮ್ಮ ಪ್ರಶ್ನೆಗಳಿಗಿಂತ ಕುತೂಹಲಕರವಾಗಿ ಕಂಡಿತು. ಜ್ವರ ಬಂದು ಎರಡು ದಿನ ಶಾಲೆಗೆ ಬರಲಾಗದ್ದಕ್ಕೆ ಮುಖ್ಯೋಪಾಧ್ಯಾಯರಿಗೆ ಬರೆಯುತ್ತಿದ್ದ ರಜಾ ಚೀಟಿಯಲ್ಲಿಯೇ ವೃತ್ತಿಯ ಪತ್ರವ್ಯವಹಾರದ ಮುಖ್ಯ ಭಾಗವನ್ನು ನಾವೆಲ್ಲರೂ ಕಲಿತಿರುತ್ತೇವೆ. ಬರೆಯುತ್ತಿರುವವರು ಯಾರು, ಯಾರಿಗೆ, ಯಾವ ಕಾರಣಕ್ಕೆ, ಏನು ಬೇಕು ಎಂಬ ನಾಲ್ಕು ಸಂಗತಿಗಳು ಅದರಲ್ಲಿ ಇರುತ್ತವೆ. ಕೈಗೆ ಮೊಬೈಲ್ ಬಂದ ಕೂಡಲೇ ಅದು ಪತ್ರವೆಂಬುದು ಮರೆತು ವಾಟ್ಸ್‌ಆ್ಯಪ್ ಎಂಬ ಭಾವನೆ ಬಂದುಬಿಡುತ್ತದೆ. ವಾಟ್ಸ್‌ಆ್ಯಪಿನಲ್ಲಿ ಆಚೆ ಕಡೆಯವರಿಗೆ ನಾವು ಯಾರೆಂಬುದು ಮೊದಲೇ ಗೊತ್ತಿರುತ್ತದೆ, ಇಲ್ಲಿ ಗೊತ್ತಿರುವುದಿಲ್ಲ.

ನಿಮ್ಮ ಕಡೆಯ ಸರ್ಕಾರಿ ಕಚೇರಿಗಳ ಆವಕ-ಜಾವಕ ಮೇಜಿನ ಮುಂದೆ ಒಮ್ಮೆ ನಿಂತು ನೋಡಿ. ಅಲ್ಲಿನ ಗುಮಾಸ್ತರು ಬಂದ ಪತ್ರವನ್ನು ಪೂರ್ತಿ ಓದುವುದಿಲ್ಲ. ‘ವಿಷಯ’ದ ಮೇಲೆ ಕಣ್ಣಾಡಿಸಿ, ಅದು ಯಾವ ಶಾಖೆಗೆ ಹೋಗಬೇಕೆಂದು ನಿರ್ಧರಿಸಿ, ಮುದ್ರೆ ಒತ್ತುತ್ತಾರೆ. ಸಂಸ್ಥೆಯ ನೇಮಕಾತಿ ವಿಭಾಗದವರು ಮಾಡುವುದೂ ಅದನ್ನೇ. ‘ಲೆಕ್ಕಪತ್ರ ಸಹಾಯಕಿ ಹುದ್ದೆಗೆ ಅರ್ಜಿ’ ಎಂಬುದರ ಮುಂದೆ ನಿಮ್ಮ ಹೆಸರು ಮತ್ತು ‘ಬಿ.ಕಾಂ.’ ಎಂದಿದ್ದರೆ ಅದು ತೆರೆಯುವ ಮೊದಲೇ ಅರ್ಧ ಕೆಲಸ ಮಾಡಿರುತ್ತದೆ. ಒಳಗೆ ನಾಲ್ಕೈದು ವಾಕ್ಯ ಸಾಕು. ಹುದ್ದೆಯ ವಿಚಾರ ಎಲ್ಲಿ ತಿಳಿಯಿತು, ನೀವು ಏನು ಓದಿದ್ದೀರಿ, ಆ ಹುದ್ದೆಗೆ ಹೊಂದುವ ಯಾವ ಕೆಲಸ ಮಾಡಿದ್ದೀರಿ, ಯಾವಾಗ ಲಭ್ಯರಿದ್ದೀರಿ ಎಂಬುದು ಅದರಲ್ಲಿ ಬಂದರಾಯಿತು. ಫೈಲಿಗೆ ನಿಮ್ಮದೇ ಹೆಸರಿಡಿ, ಪಿಡಿಎಫ್ ಮಾಡಿ ಕಳುಹಿಸಿ. ಕನ್ನಡದಲ್ಲಿ ಅರ್ಜಿ ಬರೆಯುವವರಿಗೆ ಇದು ಇನ್ನೂ ಮುಖ್ಯ. ಏಕೆಂದರೆ ಯೂನಿಕೋಡ್ ಅಲ್ಲದ, ‘ನುಡಿ’ ತಂತ್ರಾಂಶದ ಹಳೆಯ ಅಕ್ಷರಗಳಲ್ಲಿ ಟೈಪ್ ಮಾಡಿದ ವರ್ಡ್ ಕಡತವನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲು ಕಾಣುತ್ತದೆ. ಒಬ್ಬರಿಗಿಂತ ಹೆಚ್ಚು ಸಂಸ್ಥೆಗಳಿಗೆ ಒಂದೇ ಇಮೇಲನ್ನು ‘ಸಿಸಿ’ ಮಾಡಿ ಕಳುಹಿಸುವ ಅಭ್ಯಾಸವೂ ಕೆಲವರಿಗಿದೆ. ಟೈಪ್‌ರೈಟರಿನ ಹಾಳೆಗಳ ನಡುವೆ ಕಾರ್ಬನ್ ಇಟ್ಟು ಪ್ರತಿ ತೆಗೆಯುತ್ತಿದ್ದ ಕಾಲದಿಂದ ಬಂದ ಆ ‘ಕಾರ್ಬನ್ ಕಾಪಿ’ಯಲ್ಲಿ ಯಾರ್‍ಯಾರಿಗೆ ಪ್ರತಿ ಹೋಗಿದೆಯೆಂಬುದು ಎಲ್ಲರಿಗೂ ಕಾಣುತ್ತದೆ. ಊರಿಗೆಲ್ಲ ಹಂಚಿದ ಕರಪತ್ರಕ್ಕೆ ಯಾರೂ ಉತ್ತರ ಬರೆಯುವುದಿಲ್ಲ.

ಇನ್ನು ನಿಮ್ಮ ಸಂಕೋಚದ ವಿಚಾರ. ಇದನ್ನು ನಾನು ಹಗುರವಾಗಿ ತೆಗೆದುಕೊಳ್ಳಲಾರೆ, ಏಕೆಂದರೆ ಅದು ಬಹಳ ಹಳೆಯದು. ಕುರುಕ್ಷೇತ್ರದಲ್ಲಿ, ಗಾಂಡೀವವನ್ನು ಬೇರೆಯವರಿಗೆ ಕೊಟ್ಟುಬಿಡೆಂದು ಹಂಗಿಸಿದ ಧರ್ಮರಾಯನ ಮೇಲೆ ಕತ್ತಿ ಹಿರಿದ ಅರ್ಜುನ, ಕೃಷ್ಣನ ಮಾತಿನಂತೆ ಅಣ್ಣನನ್ನು ಕೊಲ್ಲುವ ಬದಲು ನಿಂದಿಸಿ, ಆ ಪಶ್ಚಾತ್ತಾಪದಿಂದ ತನ್ನನ್ನೇ ಕೊಂದುಕೊಳ್ಳಲು ಹೊರಟಾಗ ಕೃಷ್ಣ ಹೇಳುವ ಉಪಾಯವೆಂದರೆ, ‘ನಿನ್ನನ್ನು ನೀನೇ ಹೊಗಳಿಕೋ, ಅದೇ ಆತ್ಮಹತ್ಯೆಗೆ ಸಮ’ ಎಂಬುದು. ಅರ್ಜುನ ಹಾಗೆಯೇ ಮಾಡುತ್ತಾನೆ. ತನ್ನಂಥ ಬಿಲ್ಲುಗಾರ ಶಿವನನ್ನು ಬಿಟ್ಟರೆ ಬೇರೊಬ್ಬನಿಲ್ಲವೆನ್ನುತ್ತಾನೆ. ಇಂಥ ಕತೆ ಕೇಳಿ ಬೆಳೆದ ಮನೆಗಳಲ್ಲಿ ‘ನಾನು ಹಾರ್ಡ್ ವರ್ಕಿಂಗ್’ ಎನ್ನಲು ನಾಲಿಗೆ ತಡವರಿಸಿದರೆ ಆಶ್ಚರ್ಯವೇನು?

ಆದರೆ ಅದೇ ಅರ್ಜುನ ಅದಕ್ಕೂ ಮೊದಲು ವಿರಾಟರಾಯನ ಆಸ್ಥಾನಕ್ಕೆ ಕೆಲಸ ಕೇಳಿಕೊಂಡು ಹೋಗಿದ್ದನಲ್ಲವೇ? ಅಲ್ಲಿ ಅವನು, ತಾನು ಹಾಡಬಲ್ಲೆ, ಕುಣಿಯಬಲ್ಲೆ, ರಾಜಕುಮಾರಿಗೆ ಕಲಿಸಬಲ್ಲೆ ಎಂದ; ಭೀಮ ಅಡುಗೆ ಬಲ್ಲೆನೆಂದ, ನಕುಲ ಕುದುರೆಗಳನ್ನು ನೋಡಿಕೊಳ್ಳಬಲ್ಲೆನೆಂದ. ಹಿಂದೆ ಯಾರ ಬಳಿ ಇದ್ದೆವೆಂಬುದನ್ನೂ ಹೇಳಿದರು. ವೇಷದಲ್ಲಿದ್ದವರ ಆ ಮಾತು ಎಷ್ಟು ನಿಜವೆಂಬುದು ಬೇರೆ ಪ್ರಶ್ನೆ, ಅದನ್ನು ಅನುಸರಿಸಬೇಡಿ. ಬೃಹನ್ನಳೆಯ ಕೌಶಲವನ್ನು ವಿರಾಟ ಪರೀಕ್ಷಿಸಿಯೇ ಒಳಗೆ ಬಿಟ್ಟ. ಇದನ್ನು ಯಾರೂ ಆತ್ಮಪ್ರಶಂಸೆ ಎನ್ನಲಿಲ್ಲ. ನನ್ನಂಥವರಿಲ್ಲ ಎನ್ನುವುದು ಹೊಗಳಿಕೆ. ನನಗೆ ಇಂಥ ಕೆಲಸ ಬರುತ್ತದೆ, ಬೇಕಾದರೆ ನೋಡಿ ಎನ್ನುವುದು ಮಾಹಿತಿ. ನಿಮ್ಮ ತರಬೇತಿಯ ಮಾದರಿ ಹಾಳೆಯಲ್ಲಿದ್ದದ್ದು ಬರಿಯ ವಿಶೇಷಣಗಳು. ಅವು ನಿಮಗೆ ಕಸಿವಿಸಿ ತಂದದ್ದು ಸರಿಯಾಗಿಯೇ ಇದೆ, ಅವನ್ನು ಹೊಡೆದುಹಾಕಿ.

ಅವುಗಳ ಜಾಗದಲ್ಲಿ ಬರಬೇಕಾದದ್ದು ನಿಮ್ಮ ಮಾವನ ಅಂಗಡಿ. ನಾನು ವಾಣಿಜ್ಯ ವಿದ್ಯಾರ್ಥಿಗಳಿಗೆ ಪಾಠ ಹೇಳಿದವಳು, ಕೆಲವು ಸಂದರ್ಶನಗಳಲ್ಲಿ ಮೇಜಿನ ಆಚೆ ಬದಿಯಲ್ಲಿಯೂ ಕುಳಿತವಳು. ‘ಟೀಮ್ ಪ್ಲೇಯರ್’ ಎಂಬ ಪದವನ್ನು ಎಷ್ಟು ಸಲ ಓದಿದ್ದೇನೋ ಲೆಕ್ಕವಿಲ್ಲ, ಒಮ್ಮೆಯೂ ಅದು ನನಗೆ ಏನನ್ನೂ ತಿಳಿಸಿಲ್ಲ. ಆದರೆ ಬಳ್ಳಾರಿ, ರಾಯಚೂರು, ಆಂಧ್ರದ ಕರ್ನೂಲು ಕಡೆಗಳಿಂದಲೂ ಮಾಲು ಬರುವ ಬ್ಯಾಡಗಿಯ ಮಾರುಕಟ್ಟೆಯಲ್ಲಿ, ದಿನಕ್ಕೆ ನಲವತ್ತು ಲಾಟುಗಳ ಚೀಲ, ತೂಕ, ಟೆಂಡರಿನ ದರ ಇವುಗಳನ್ನು ತಾಳೆ ಹಾಕಿ, ರಾತ್ರಿಯೆಲ್ಲ ಲಾರಿಯಲ್ಲಿ ಬಂದು ದಣಿದಿರುವ ರೈತರಿಗೆ ಅವರ ಪಟ್ಟಿಯ ಒಂದೊಂದು ಅಂಕಿಯನ್ನೂ ವಿವರಿಸಿ ಹೇಳುವ ಹುಡುಗಿಯೊಬ್ಬಳು ನನ್ನ ಮುಂದೆ ಕುಳಿತಿದ್ದರೆ, ನಾನು ಕುರ್ಚಿಯನ್ನು ಸ್ವಲ್ಪ ಮುಂದಕ್ಕೆ ಎಳೆದುಕೊಳ್ಳುತ್ತಿದ್ದೆ. ಅದು ಸಂಬಳದ ನೌಕರಿಯಲ್ಲದಿರಬಹುದು. ‘ಕುಟುಂಬದ ದಲಾಲಿ ಅಂಗಡಿಯಲ್ಲಿ ಅರೆಕಾಲಿಕ ಲೆಕ್ಕ ಬರಹ’ ಎಂದು ಇದ್ದದ್ದನ್ನು ಇದ್ದ ಹಾಗೆ ಬರೆಯಿರಿ, ಎಷ್ಟು ಹಂಗಾಮು ಎಂಬುದನ್ನೂ ಸೇರಿಸಿ. ಮಾವನವರಿಗೆ ಒಂದು ಮಾತು ತಿಳಿಸಿ, ವಿಚಾರಿಸಿ ಫೋನ್ ಬಂದರೆ ಅವರು ಗಾಬರಿಯಾಗಬಾರದು. ನಲವತ್ತನ್ನು ನಾನೂರು ಮಾಡಬೇಡಿ.

ಸಂದರ್ಶನದಲ್ಲಿ ನಿಮ್ಮನ್ನು ಮೂಕರಾಗಿಸಿದ ಪ್ರಶ್ನೆಗೆ ಉತ್ತರವೂ ಆ ಜಗಳದಲ್ಲಿಯೇ ಇತ್ತು. ಅದನ್ನು ಹೇಳುವ ಕ್ರಮ ಮಾತ್ರ ಕಲಿಯಬೇಕು. ಅಂದು ಏನಾಗಿತ್ತು ಎಂಬುದನ್ನು ಎರಡು ವಾಕ್ಯಗಳಲ್ಲಿ ಮುಗಿಸಿ. ನಾವು ಸಾಮಾನ್ಯವಾಗಿ ಇಲ್ಲಿಯೇ ಕಳೆದುಹೋಗಿ, ರೈತರ ಊರು ಯಾವುದು, ಅಂದು ಮಳೆ ಬಂದಿತ್ತೇ ಎಂಬಲ್ಲಿಗೆ ಹೋಗಿಬಿಡುತ್ತೇವೆ. ಅನಂತರ ನೀವು ಮಾಡಿದ್ದೇನೆಂಬುದನ್ನು ನಿಧಾನವಾಗಿ ಹೇಳಿ. ಹಮಾಲರನ್ನು ಏನು ಕೇಳಿದಿರಿ, ಯಾವ ಚೀಟಿಯನ್ನು ಯಾವುದರೊಡನೆ ಹೋಲಿಸಿದಿರಿ, ಎರಡೂ ಕಡೆಯವರನ್ನು ಹೇಗೆ ಒಪ್ಪಿಸಿದಿರಿ? ಕೊನೆಗೆ ಫಲವೇನಾಯಿತೆಂದು ಒಂದು ವಾಕ್ಯ. ತರಬೇತುದಾರರು ಇದಕ್ಕೆ ‘ಸ್ಟಾರ್’ ಎಂಬ ಹೆಸರಿಟ್ಟು ಕಲಿಸುತ್ತಾರೆ. ಹೆಸರು ಮರೆತರೂ ತೊಂದರೆಯಿಲ್ಲ.

ಇಂಗ್ಲಿಷ್ ಬೇಡವೆಂದು ಸುಳ್ಳು ಸಮಾಧಾನ ಹೇಳಲಾರೆ. ಲೆಕ್ಕಪತ್ರದ ತಂತ್ರಾಂಶ, ಜಿಎಸ್‌ಟಿ ವಿವರ ಸಲ್ಲಿಕೆ, ಕಚೇರಿಯ ಇಮೇಲು ಇವೆಲ್ಲ ಬಹುಮಟ್ಟಿಗೆ ಇಂಗ್ಲಿಷಿನಲ್ಲಿಯೇ ನಡೆಯುತ್ತವೆ. ಆದರೆ ಕಷ್ಟವಿರುವುದು ನೀವು ಭಾವಿಸಿದ ಜಾಗದಲ್ಲಲ್ಲ. ಕನ್ನಡದಲ್ಲಿ ಗೌರವ ಕ್ರಿಯಾಪದದ ಬಾಲದಲ್ಲಿಯೇ ಇರುತ್ತದೆ. ‘ವಿವರ ಕಳುಹಿಸಿಕೊಡಿ’ ಎಂದರೆ ‘ದಯವಿಟ್ಟು’ ಇಲ್ಲದೆಯೂ ಅದು ವಿನಂತಿಯೇ. ಅದನ್ನೇ ‘ಸೆಂಡ್ ಮಿ ದ ಡೀಟೇಲ್ಸ್’ ಎಂದು ಬದಲಾಯಿಸಿದಾಗ ಆ ‘ಕೊಡಿ’ಯಲ್ಲಿದ್ದ ಮರ್ಯಾದೆ ದಾರಿಯಲ್ಲಿ ಉದುರಿಹೋಗಿ, ಓದುವವರಿಗೆ ಅಪ್ಪಣೆಯಂತೆ ಕೇಳಿಸುತ್ತದೆ. ಅಲ್ಲಿ ‘ಕುಡ್ ಯೂ ಪ್ಲೀಸ್’ ಎಂದು ಬೇರೆಯಾಗಿ ಜೋಡಿಸಬೇಕಾಗುತ್ತದೆ. ಇದನ್ನು ಸರಿದೂಗಿಸಲು ಕೆಲವರು ‘ರೆಸ್ಪೆಕ್ಟೆಡ್ ಸರ್, ಕೈಂಡ್ಲಿ ಡೂ ದ ನೀಡ್‌ಫುಲ್’ ಎಂದು ಮೂರು ಸಲ ನಮಸ್ಕಾರ ಹಾಕುತ್ತಾರೆ, ಅದೂ ಬೇಡ. ಪರಿಚಯಿಸಿಕೊಳ್ಳುವಾಗ ‘ಮೈಸೆಲ್ಫ್’ ಬಿಟ್ಟು ‘ಐ ಆ್ಯಮ್’ ಎನ್ನಿ. ಪ್ರಶ್ನೆ ಅರ್ಥವಾಗದಿದ್ದರೆ ಇನ್ನೊಮ್ಮೆ ಹೇಳುವಂತೆ ಕೇಳಿ. ಅರ್ಥವಾಗದ ಪ್ರಶ್ನೆಗೆ ಅರ್ಥವಾಗದ ಉತ್ತರ ಕೊಡುವುದಕ್ಕಿಂತ ಅದು ಎಷ್ಟೋ ಮೇಲು. ರೆಸ್ಯೂಮೆಯಲ್ಲಿ ಭಾಷೆಗಳ ಸಾಲಿನಲ್ಲಿ ಕನ್ನಡವನ್ನು ಮೊದಲು ಬರೆಯಿರಿ. ಹಾವೇರಿ, ಗದಗ, ಹುಬ್ಬಳ್ಳಿಯ ಶಾಖೆಗಳಲ್ಲಿ ಗ್ರಾಹಕರೊಡನೆ ಆಡಬೇಕಾದ ಮಾತು ಹೆಚ್ಚಾಗಿ ಅದೇ. ಅಂಗಡಿಯಲ್ಲಿ ಕಿವಿಗೆ ಬಿದ್ದ ತೆಲುಗು ಅರ್ಥವಾಗುವಂತಿದ್ದರೆ ಅದನ್ನೂ ಸೇರಿಸಿ.

ಪ್ರಶ್ನೆ: ನಾನೂ ಕೊನೆಯ ವರ್ಷದ ಪದವಿ ವಿದ್ಯಾರ್ಥಿ. ಸಂದರ್ಶನವೇ ಇಲ್ಲದೆ ವಾಟ್ಸ್‌ಆ್ಯಪಿನಲ್ಲಿ ಆಫರ್ ಲೆಟರ್ ಬಂದಿದೆ. ಲ್ಯಾಪ್‌ಟಾಪ್ ಮತ್ತು ತರಬೇತಿಗೆಂದು 2,500 ರೂಪಾಯಿ ಠೇವಣಿ ಕೇಳಿದ್ದಾರೆ, ಸೇರಿದ ಮೇಲೆ ಮರಳಿಸುತ್ತಾರಂತೆ. ಕಟ್ಟಬಹುದೇ?
— ಒಬ್ಬ ವಿದ್ಯಾರ್ಥಿ, ಶಿವಮೊಗ್ಗ

ಉತ್ತರ: ಕಟ್ಟಬೇಡಿ. ಕೆಲಸ ಕೊಡುವವರು ಕೆಲಸಗಾರನಿಂದ ಮೊದಲೇ ಹಣ ಕೇಳಿದರೆಂದರೆ ಮಾತುಕತೆ ಅಲ್ಲಿಗೆ ಮುಗಿಯಿತು. ಈಗಾಗಲೇ ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಸೈಬರ್ ಹಣಕಾಸು ವಂಚನೆಯ ದೂರಿಗೆಂದೇ ಇರುವ ಸಹಾಯವಾಣಿ ಅದು, ಬೇಗ ತಿಳಿಸಿದಷ್ಟೂ ಹಣವನ್ನು ತಡೆಹಿಡಿಯುವ ಸಾಧ್ಯತೆ ಹೆಚ್ಚು. ಆಧಾರ್ ಪ್ರತಿ, ಬ್ಯಾಂಕ್ ವಿವರ ಕಳುಹಿಸಿದ್ದರೆ ಬ್ಯಾಂಕಿಗೂ ಹೋಗಿ ಹೇಳಿ. ತರಬೇತಿಯೇ ಬೇಕೆಂದಿದ್ದರೆ 1961ರ ಅಪ್ರೆಂಟಿಸ್ ಕಾಯ್ದೆಯಡಿ ಪದವೀಧರರಿಗೆ ಒಂದು ವರ್ಷದ ಅಪ್ರೆಂಟಿಸ್ ಅವಕಾಶವಿದೆ. 2014ರ ತಿದ್ದುಪಡಿಯ ನಂತರ ಎಂಜಿನಿಯರಿಂಗ್ ಓದದವರಿಗೂ ಅದು ತೆರೆದಿದೆ. ಅಲ್ಲಿ ಕಲಿಯುವವರೇ ಸ್ಟೈಪೆಂಡ್ ಪಡೆಯುತ್ತಾರೆ, ಠೇವಣಿ ಕಟ್ಟುವುದಿಲ್ಲ. ನಿಮ್ಮ ಕಾಲೇಜಿನ ಪ್ಲೇಸ್‌ಮೆಂಟ್ ಅಧಿಕಾರಿಯವರಿಗೆ ಆ ಆಫರ್ ಲೆಟರನ್ನು ಇಂದೇ ತೋರಿಸಿ. ಅದೇ ಸಂದೇಶ ನಿಮ್ಮ ತರಗತಿಯ ಬೇರೆಯವರಿಗೂ ಹೋಗಿರಬಹುದು.