ಆ ‘ಹೈಫನ್ ವೈ’ ತೆಗೆದು ಕಳಿಸಿ

ನಮಸ್ಕಾರ,

ಡೆಬಿಯನ್, ಉಬುಂಟು ಎಂಬ ಲಿನಕ್ಸ್ ಸಿಸ್ಟಂಗಳಲ್ಲಿ ಬೇಡದ ಪ್ಯಾಕೇಜು (ಹಾಕಿಕೊಂಡ ಸಾಫ್ಟ್‌ವೇರ್ ಕಟ್ಟು) ತೆಗೆಯುವ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಭಾಷೆ ಚೆನ್ನಾಗಿದೆ, ಓದಿಸಿಕೊಂಡು ಹೋಗುತ್ತದೆ. ಆದರೆ ಮೂರನೇ ಪ್ಯಾರಾಕ್ಕೆ ಬಂದಾಗ ಸಿಟ್ಟು ಬಂತು. ಅದಕ್ಕೇ ಈ ಪತ್ರ.

“ಯಾವ ಪ್ಯಾಕೇಜು ಬೇಡ ಎಂದು ಸಿಸ್ಟಂಗೇ ಗೊತ್ತಿರುತ್ತದೆ” ಎಂದು ಬರೆದಿದ್ದೀರಿ. ಇಲ್ಲ, ಗೊತ್ತಿರುವುದಿಲ್ಲ. ಪ್ಯಾಕೇಜು ಹಾಕುವ, ತೆಗೆಯುವ ಆಪ್ಟ್ ಎಂಬ ಸಾಧನ ಪ್ರತಿ ಪ್ಯಾಕೇಜಿಗೂ ಒಂದು ಗುರುತು ಇಟ್ಟುಕೊಂಡಿರುತ್ತದೆ: ಇದನ್ನು ನೀವು ಕೇಳಿ ಹಾಕಿಸಿಕೊಂಡಿರಾ, ಇಲ್ಲ ಬೇರೊಂದರ ಬಾಲ ಹಿಡಿದು ಬಂತಾ? ಬಾಲ ಹಿಡಿದು ಬಂದದ್ದು ಈಗ ಬೇರೆ ಯಾವ ಪ್ಯಾಕೇಜಿಗೂ ಬೇಕಿಲ್ಲ ಅಂದರೆ ಆಟೋರಿಮೂವ್ ಎಂಬ ಆಜ್ಞೆ ಅಳಿಸುವ ಪಟ್ಟಿಗೆ ಸೇರುತ್ತದೆ. ನಿಮಗೆ ಬೇಕಾ ಎಂದು ಅದು ಯೋಚಿಸುವುದಿಲ್ಲ.

ಮುಂದಿನ ಸಾಲು: “ಸುಮ್ನೆ ಆಪ್ಟ್ ಆಟೋರಿಮೂವ್ ಹೈಫನ್ ವೈ ಹೊಡೆಯಿರಿ.” ಸುಮ್ನೆ ಬೇರೆ! ಆ ವೈ ಅಂದರೆ ಕೇಳುವ ಮೊದಲೇ ಹೂಂ ಅಂದ ಹಾಗೆ. ಏನೇನು ಹೋಗುತ್ತದೆ ಎಂಬ ಪಟ್ಟಿ ತೆರೆಯ ಮೇಲೆ ಬರುತ್ತದೆ, ನಿಜ. ನೀವು ಓದುವಷ್ಟರಲ್ಲಿ ಅಳಿಸಿಯೂ ಆಗಿರುತ್ತದೆ.

ನಾನೂ ಹೀಗೇ ಪೆಟ್ಟು ತಿಂದವನು. ಆಗ ಕೆಲಸ ಕಲಿಯುತ್ತಿದ್ದೆ. ಮೂಲ ಕೋಡಿನಿಂದ ನಾನೇ ಕಂಪೈಲ್ ಮಾಡಿದ ಒಂದು ಪ್ರೋಗ್ರಾಂ ಇತ್ತು. ಅದಕ್ಕೆ ಬೇಕಾದ ಲೈಬ್ರರಿ (ಪ್ರೋಗ್ರಾಂಗಳು ಬಳಸಿಕೊಳ್ಳುವ ಸಿದ್ಧ ಕೋಡು) ಒಂದು ವಿಡಿಯೊ ಪ್ಲೇಯರ್ ಜೊತೆ ಬಂದಿತ್ತು. ರಾತ್ರಿ ಪ್ಲೇಯರ್ ತೆಗೆದೆ, ಆಟೋರಿಮೂವ್ ಕೊಟ್ಟೆ, ಮಲಗಿದೆ. ಬೆಳಿಗ್ಗೆ ಪ್ರೋಗ್ರಾಂ ಏಳಲೇ ಇಲ್ಲ. ಅದು ಪ್ಯಾಕೇಜೇ ಅಲ್ಲವಲ್ಲ, ಆಪ್ಟ್ ಯಾಕೆ ಲೆಕ್ಕಕ್ಕೆ ಹಿಡಿದೀತು? ಯಾವ ಲೈಬ್ರರಿ ಸಿಗುತ್ತಿಲ್ಲ ಎಂದು ಎರರ್‌ನಲ್ಲೇ ಬರೆದಿತ್ತು. ಅದನ್ನೂ ಸರಿಯಾಗಿ ಓದದೆ ಅರ್ಧ ದಿನ ನನ್ನ ಕೋಡಿನಲ್ಲಿ ತಪ್ಪು ಹುಡುಕಿದೆ. ಕೊನೆಗೆ ಹಿರಿಯರೊಬ್ಬರು ಬಂದು, ಆಪ್ಟ್‌ನ ಹಿಸ್ಟರಿ ಲಾಗ್ ತೆರೆದು, ಹಿಂದಿನ ರಾತ್ರಿಯ ‘ರಿಮೂವ್’ ಸಾಲಿನ ಮೇಲೆ ಬೆರಳಿಟ್ಟು ಹೋದರು. ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ವಾಸಿ ಇತ್ತು.

ಹಾಗಾಗಿ ಆ ಪ್ಯಾರಾ ತಿದ್ದಿ. ವೈ ಬದಲು ಮೊದಲು ಹೈಫನ್ ಎಸ್ ಹಾಕಿಸಿ. ಅದು ಏನೇನು ಹೋಗುತ್ತದೆ ಎಂದು ಬರೀ ತೋರಿಸುತ್ತದೆ, ಏನನ್ನೂ ಅಳಿಸುವುದಿಲ್ಲ. ಪಟ್ಟಿಯಲ್ಲಿ ಬೇಕಾದ್ದು ಕಂಡರೆ ‘ಆಪ್ಟ್-ಮಾರ್ಕ್ ಮ್ಯಾನುಯಲ್’ ಮುಂದೆ ಅದರ ಹೆಸರು ಕೊಟ್ಟರಾಯಿತು, ನೀವೇ ಕೇಳಿ ಹಾಕಿಸಿಕೊಂಡಂತೆ ಗುರುತಾಗುತ್ತದೆ. ಆಮೇಲೆ ಆಟೋರಿಮೂವ್, ವೈ ಇಲ್ಲದೆ.

ಪರ್ಜ್ (ಪ್ಯಾಕೇಜಿನ ಸೆಟ್ಟಿಂಗ್ ಫೈಲುಗಳನ್ನೂ ಸೇರಿಸಿ ಅಳಿಸುವ ಆಜ್ಞೆ) ಬಗ್ಗೆ ಬರೆದದ್ದು ಸ್ವಲ್ಪ ಜಾಸ್ತಿಯಾಯಿತು, ಇರಲಿ ಬಿಡಿ. ಮೂರನೇ ಪ್ಯಾರಾ ಬಂದ ಕೂಡಲೇ ಹಾಕೋಣ.